‘ಆದ್ದರಿಂದ’ ಎಂದು ಬರೆಯುವ ಮುನ್ನ: ಪ್ರಬಂಧದಲ್ಲಿ ವಾದ ಕಟ್ಟುವುದು, ಕಟ್ಟಿದ್ದನ್ನು ಒರೆಗೆ ಹಚ್ಚುವುದು

ಕಾಲೇಜಿನ ಪ್ರಬಂಧ ಸ್ಪರ್ಧೆಯಿಂದ ಹಿಡಿದು ಕೆಎಎಸ್ ಮುಖ್ಯ ಪರೀಕ್ಷೆಯ ಪ್ರಬಂಧ ಪತ್ರಿಕೆಯವರೆಗೆ ಈ ಬಗೆಯ ಪ್ಯಾರಾ ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತದೆ:

“ನೀರು ಜೀವಜಲ. ಹನಿ ಹನಿ ಕೂಡಿದರೆ ಹಳ್ಳ ಎಂಬಂತೆ ಮಳೆಯ ಪ್ರತಿ ಹನಿಯೂ ಅಮೂಲ್ಯ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ಆದರೂ 2024ರ ಮಾರ್ಚ್‌ನಲ್ಲಿ ನಗರ ನೀರಿಗಾಗಿ ಪರದಾಡಿತು. ಆದ್ದರಿಂದ 30×40 ಸೈಟಿನ ಹಳೆಯ ಮನೆಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಬೇಕು.”

ಇದರಲ್ಲಿ ಸುಳ್ಳು ಒಂದೂ ಇಲ್ಲ. ಭಾಷೆಯೂ ಕೆಟ್ಟಿಲ್ಲ. ಆದರೆ ಮೊದಲೇ ಒಪ್ಪಿದ್ದವರು ತಲೆಯಾಡಿಸುತ್ತಾರೆ, ಒಪ್ಪದವರು ಇದ್ದಲ್ಲೇ ಇರುತ್ತಾರೆ. ಕಾರಣ, ಇಡೀ ಪ್ಯಾರಾದ ಭಾರ ಬಿದ್ದಿರುವುದು ‘ಆದ್ದರಿಂದ’ ಎಂಬ ಒಂದೇ ಪದದ ಮೇಲೆ, ಆ ಪದದ ಕೆಳಗೆ ಅಡಿಪಾಯವೇ ಇಲ್ಲ. ಈ ಪ್ಯಾರಾವನ್ನೇ ಬಿಚ್ಚಿ, ಎಲ್ಲಿ ಸಡಿಲವಾಗಿದೆ ನೋಡಿ, ಮತ್ತೆ ಕಟ್ಟೋಣ.

ನಿಲುವಿಗೆ ಎದುರಾಳಿ ಇರಬೇಕು

ಮೊದಲು ನಿಲುವು. “ಮಳೆನೀರನ್ನು ಉಳಿಸಬೇಕು” ಎಂಬುದು ನಿಲುವಲ್ಲ. ‘ಬೇಕು’ ತೆಗೆದು ‘ಬಾರದು’ ಹಾಕಿ ನೋಡಿ: “ಮಳೆನೀರನ್ನು ಉಳಿಸಬಾರದು.” ಹೀಗೆ ಹೇಳುವವರು ಯಾರೂ ಸಿಗುವುದಿಲ್ಲ. ಯಾರೂ ವಿರೋಧಿಸದ ಮಾತಿಗೆ ವಾದ ಕಟ್ಟುವುದು ಎದುರಾಳಿಯಿಲ್ಲದ ಅಖಾಡದಲ್ಲಿ ತೊಡೆ ತಟ್ಟಿದಂತೆ.

“30×40 ಸೈಟಿನ ಹಳೆಯ ಮನೆಗಳಿಗೂ ಕಡ್ಡಾಯ ಮಾಡಬೇಕು” ಎನ್ನುವುದು ನಿಲುವು ಹೌದು. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಂದ ತಿದ್ದುಪಡಿ ಹಳೆಯ ಕಟ್ಟಡಗಳ ವಿಷಯದಲ್ಲಿ 2,400 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ, ಹೊಸದಾಗಿ ಕಟ್ಟುವವರ ವಿಷಯದಲ್ಲಿ 1,200 ಚದರಡಿ ಮತ್ತು ಮೇಲ್ಪಟ್ಟವುಗಳಿಗೆ ಅನ್ವಯಿಸಿತು. 30×40 ಅಡಿ ಎಂದರೆ 1,200 ಚದರಡಿ, ಹಾಗಾಗಿ ಹಳೆಯ 30×40 ಮನೆಗಳು ಈ ಬಲೆಯಿಂದ ಹೊರಗುಳಿದವು. ಅವನ್ನೂ ಒಳಗೆ ತರಬೇಕೆಂದರೆ ಕೈಯಿಂದ ದುಡ್ಡು ಹಾಕಬೇಕಾದ ಮನೆಮಾಲೀಕ ಎದುರಿಗೆ ನಿಂತು “ಯಾಕೆ?” ಎನ್ನುತ್ತಾನೆ. ಆ “ಯಾಕೆ”ಗೆ ಕೊಡುವ ಉತ್ತರವೇ ಪ್ರಬಂಧ.

ಇಲ್ಲಿ ಕನ್ನಡದ್ದೇ ಒಂದು ಸಣ್ಣ ಅಪಾಯವಿದೆ. ನಮ್ಮ ‘ಬೇಕು’ ಅಗತ್ಯವನ್ನೂ ಹೇಳುತ್ತದೆ, ಒಳ್ಳೆಯದೆಂಬ ಸಲಹೆಯನ್ನೂ ಹೇಳುತ್ತದೆ, ಕಟ್ಟಳೆಯನ್ನೂ ಹೇಳುತ್ತದೆ. “ನೀರು ಬೇಕು”, “ನೀರು ಉಳಿಸಬೇಕು”, “ಕಡ್ಡಾಯ ಮಾಡಬೇಕು” ಎಂಬ ಮೂರನ್ನೂ ಒಂದರ ಹಿಂದೊಂದು ಬರೆದರೆ ಮೊದಲನೆಯದರಿಂದ ಮೂರನೆಯದಕ್ಕೆ ಜಾರಿದ್ದು ಬರೆಯುವವರಿಗೇ ಗೊತ್ತಾಗುವುದಿಲ್ಲ. ಕರಡು ಮುಗಿದ ಮೇಲೆ ‘ಬೇಕು’ ಬಂದಲ್ಲೆಲ್ಲ ಪೆನ್ಸಿಲ್‌ನಿಂದ ಗೆರೆ ಎಳೆದು, ಇದು ಯಾವ ‘ಬೇಕು’ ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಅರ್ಧದಷ್ಟು ತಪ್ಪು ಅಲ್ಲೇ ಸಿಗುತ್ತದೆ.

ಹೇಳದೆ ಬಿಟ್ಟ ವಾಕ್ಯ

ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನ ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಕ್ರಮವನ್ನು, ಐದು ಅವಯವಗಳಲ್ಲಿ ಹೇಳುತ್ತದೆ: ಪ್ರತಿಜ್ಞೆ (ನಿಲುವು), ಹೇತು (ಕಾರಣ), ಉದಾಹರಣೆ, ಉಪನಯ (ಎದುರಿನ ಸಂದರ್ಭಕ್ಕೆ ಅನ್ವಯಿಸುವುದು), ನಿಗಮನ (ತೀರ್ಮಾನ). ಗುಡ್ಡದ ಮೇಲೆ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ, ಈ ಗುಡ್ಡದಲ್ಲೂ ಅಂಥದೇ ಹೊಗೆ, ಆದ್ದರಿಂದ ಬೆಂಕಿಯಿದೆ. ಇದರಲ್ಲಿ ಜೀವ ಇರುವುದು ಮೂರನೆಯ ಅವಯವದಲ್ಲಿ. “ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ” ಎಂಬ ಆ ಸಾಮಾನ್ಯ ಸಂಬಂಧಕ್ಕೆ ವ್ಯಾಪ್ತಿ ಎಂದು ಹೆಸರು. 1958ರಲ್ಲಿ ಬ್ರಿಟನ್ನಿನ ಸ್ಟೀಫನ್ ಟೂಲ್ಮಿನ್ ದಿನಬಳಕೆಯ ವಾದಗಳನ್ನು ಬಿಚ್ಚಿಟ್ಟಾಗಲೂ, ಪುರಾವೆಯಿಂದ ತೀರ್ಮಾನಕ್ಕೆ ದಾಟಲು ಪರವಾನಗಿಯಂತಿರುವ ಒಂದು ವಾಕ್ಯವನ್ನು ಬೇರೆಯಾಗಿ ಗುರುತಿಸಿದರು. ಎರಡೂ ಒಂದೇ ಅಲ್ಲ. ನ್ಯಾಯದ ವ್ಯಾಪ್ತಿ ತಪ್ಪದ ಸಂಬಂಧ. ಟೂಲ್ಮಿನ್ನರ ವಾಕ್ಯದಲ್ಲಿ “ಬಹುಪಾಲು”, “ಸಾಮಾನ್ಯವಾಗಿ” ಎಂಬುದಕ್ಕೂ ಜಾಗವಿದೆ. ಪ್ರಬಂಧ ಬರೆಯುವವರಿಗೆ ಎರಡೂ ಕಲಿಸುವುದು ಒಂದನ್ನೇ: ಆ ವಾಕ್ಯವನ್ನು ಹುಡುಕು. ಇಲ್ಲಿ ಅದನ್ನು ಕೊಂಡಿ ಎನ್ನೋಣ.

ಕೊಂಡಿ ಬಹುತೇಕ ಯಾವಾಗಲೂ ಬರೆದವರ ತಲೆಯಲ್ಲೇ ಉಳಿದಿರುತ್ತದೆ. ಅದನ್ನು ಹೊರಗೆ ಎಳೆಯಲು ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ. ಎಡಕ್ಕೆ ಕಾರಣ, ಬಲಕ್ಕೆ ನಿಲುವು. ನಡುವಿನ ಕಾಲಂನಲ್ಲಿ “ಎಲ್ಲೆಲ್ಲಿ… ಅಲ್ಲೆಲ್ಲ…” ಅಥವಾ “ಯಾವುದು… ಅದು…” ಎಂದು ಶುರುವಾಗುವ ಒಂದು ವಾಕ್ಯ. ನಮ್ಮ ಪ್ಯಾರಾಕ್ಕೆ ಹೀಗೆ ಮಾಡಿದರೆ:

ಕಾರಣ: ನಗರದಲ್ಲಿ ಮಳೆ ಚೆನ್ನಾಗಿ ಬೀಳುತ್ತದೆ, ಬೇಸಿಗೆಯಲ್ಲಿ ನೀರಿಗೆ ತೊಂದರೆಯಾಗುತ್ತದೆ.
ಕೊಂಡಿ: ಎಲ್ಲೆಲ್ಲಿ ಮಳೆ ಚೆನ್ನಾಗಿ ಬಿದ್ದೂ ಬೇಸಿಗೆಯಲ್ಲಿ ತೊಂದರೆಯಾಗುತ್ತದೋ ಅಲ್ಲೆಲ್ಲ ತಾರಸಿಯ ನೀರು ಹಿಡಿದರೆ ಆ ತೊಂದರೆ ನೀಗುತ್ತದೆ, ಯಾವುದರಿಂದ ತೊಂದರೆ ನೀಗುತ್ತದೋ ಅದನ್ನು ಕಡ್ಡಾಯ ಮಾಡಬಹುದು.
ನಿಲುವು: 30×40ಕ್ಕೂ ಕಡ್ಡಾಯವಾಗಲಿ.

ಬರೆದ ತಕ್ಷಣ ಕಾಣುತ್ತದೆ, ಕೊಂಡಿ ಒಂದಲ್ಲ, ಎರಡು. ಮೊದಲನೆಯದು ಲೆಕ್ಕದ ಮಾತು. ಎರಡನೆಯದು ನ್ಯಾಯ-ಅನ್ಯಾಯದ ಮಾತು. ಎರಡಕ್ಕೂ ಒರೆಗಲ್ಲು ಬೇರೆ ಬೇರೆ. ಲೆಕ್ಕದ ಮಾತನ್ನು ಆದರ್ಶದಿಂದಲೋ ಆದರ್ಶದ ಮಾತನ್ನು ಅಂಕಿಯಿಂದಲೋ ಸಾಧಿಸಹೊರಟರೆ ಎರಡೂ ಕೆಡುತ್ತವೆ.

ಲೆಕ್ಕ ಹಾಕಿದರೆ ಏನಾಗುತ್ತದೆ

30×40 ಸೈಟಿನಲ್ಲಿ 900 ಚದರಡಿ ತಾರಸಿ ಇದೆ ಎಂದಿಟ್ಟುಕೊಳ್ಳಿ. ಅಂದರೆ ಸುಮಾರು 83.6 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 970 ಮಿ.ಮೀ.ಗೆ ಸುಮಾರು 81,000 ಲೀಟರ್. ಆವಿ, ಸೋರಿಕೆ, ಮೊದಲ ಮಳೆಯ ಕೊಳೆನೀರು ಹೊರಬಿಡುವುದು ಎಲ್ಲ ಕಳೆದು ಶೇ 80 ಸಿಕ್ಕಿತೆಂದರೆ 65,000 ಲೀಟರ್.

ನಾಲ್ಕು ಜನರ ಸಂಸಾರ, ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರ ನೀರು ಪೂರೈಕೆಯ ಮಾನದಂಡ ಹಿಡಿದರೆ ವರ್ಷಕ್ಕೆ ಸುಮಾರು 1,97,000 ಲೀಟರ್ ಬೇಕು. ತಾರಸಿಯ ನೀರು ಅದರ ಮೂರನೇ ಒಂದು ಭಾಗ. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಬೆಂಗಳೂರಿನ 30×40 ಸೈಟಿನಲ್ಲಿ ಒಂದೇ ಸಂಸಾರ ಇರುವುದು ಎಷ್ಟು ಕಡೆ? ಕೆಳಗೆ ಮಾಲೀಕರು, ಮೇಲೆ ಎರಡು ಅಂತಸ್ತು ಬಾಡಿಗೆ. 12 ಜನ ಎಂದರೆ ವರ್ಷಕ್ಕೆ 5,91,000 ಲೀಟರ್. ಅಂತಸ್ತು ಮೂರಾದರೂ ತಾರಸಿ ಒಂದೇ. ಪಾಲು ಶೇ 11ಕ್ಕೆ ಇಳಿಯಿತು.

ಅದೂ ವರ್ಷವಿಡೀ ಬಿದ್ದ ಮಳೆಯನ್ನೆಲ್ಲ ಹಿಡಿದಿಟ್ಟರೆ. ಬೆಂಗಳೂರಿನ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರ್‌ಗಳದು. ಜನವರಿ, ಫೆಬ್ರವರಿ ಹೆಚ್ಚುಕಡಿಮೆ ಒಣ. 5,000 ಲೀಟರ್ ಸಂಪಿನಲ್ಲಿ ಅಕ್ಟೋಬರ್‌ನ ನೀರು ಮಾರ್ಚ್‌ವರೆಗೆ ಕಾದು ಕೂರುವುದಿಲ್ಲ. ನಾಲ್ವರ ಮನೆಗೇ ಅದು ಒಂಬತ್ತು ದಿನಕ್ಕೆ ಖಾಲಿ. ಅಂದರೆ “ತಾರಸಿಯ ನೀರಿನಿಂದ ಬೇಸಿಗೆಯ ತೊಂದರೆ ನೀಗುತ್ತದೆ” ಎಂಬ ಮೊದಲ ಕೊಂಡಿ ಮುರಿಯಿತು. ಇದು ವಾದ ಸೋತ ಲಕ್ಷಣವಲ್ಲ. ಮೌಲ್ಯಮಾಪಕರೋ ಎದುರಾಳಿಯೋ ಕಂಡುಹಿಡಿಯುವ ಮೊದಲು ನಾವೇ ಕಂಡುಕೊಂಡೆವು, ಅಷ್ಟೆ.

ಮೂರು ಅಂತಸ್ತಿನ ಸಂಗತಿಗೆ ತರ್ಕಶಾಸ್ತ್ರದಲ್ಲೊಂದು ಹೆಸರಿದೆ: ಉಪಾಧಿ. “ಹೊಗೆ ಇದ್ದಲ್ಲಿ ಬೆಂಕಿ” ಸರಿ, ಆದರೆ “ಬೆಂಕಿ ಇದ್ದಲ್ಲಿ ಹೊಗೆ” ಎಂದು ತಿರುಗಿಸಿದರೆ ತಪ್ಪು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಬರಲು ಹಸಿ ಸೌದೆ ಬೇಕು. ಆ ಹಸಿ ಸೌದೆಯೇ ಉಪಾಧಿ, ಹೇಳದೇ ಉಳಿದ ಷರತ್ತು. “ಮಳೆಕೊಯ್ಲು ಮಾಡಿದ ಮನೆ ನೀರಿಗೆ ಪರದಾಡುವುದಿಲ್ಲ” ಎಂಬ ಮಾತಿಗೆ ‘ದೊಡ್ಡ ತಾರಸಿ, ಕಡಿಮೆ ಜನ, ದೊಡ್ಡ ತೊಟ್ಟಿ’ ಎಂಬ ಹಸಿ ಸೌದೆ ಬೇಕು. ಕೊಂಡಿಯನ್ನು ಪರೀಕ್ಷಿಸುವಾಗ “ಇದು ಎಲ್ಲಿ ನಡೆಯುವುದಿಲ್ಲ?” ಎಂದು ಕೇಳಿ, ನಡೆಯದ ಒಂದು ಉದಾಹರಣೆಯನ್ನು ಬರೆದೇ ತೀರಿ. ಸಿಕ್ಕದಿದ್ದರೆ ಇನ್ನೂ ಸರಿಯಾಗಿ ಹುಡುಕಿಲ್ಲ ಎಂದೇ ಅರ್ಥ.

ಒಂದು ಅಗುಳು ಸಾಲುವುದು ಯಾವಾಗ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಇದನ್ನೇ ಸ್ಥಾಲೀಪುಲಾಕ ನ್ಯಾಯ ಎನ್ನುತ್ತಾರೆ. ಆದರೆ ಸಾಲುವುದೇಕೆ? ಪಾತ್ರೆಯ ಅಕ್ಕಿಯೆಲ್ಲ ಒಂದೇ ತಳಿ, ಒಂದೇ ನೀರು, ಒಂದೇ ಉರಿ. ಬಡಾವಣೆಯ ಮನೆಗಳು ಹಾಗಲ್ಲ. “ನಮ್ಮ ಬೀದಿಯ ಒಬ್ಬರು ಐದು ವರ್ಷದಿಂದ ಮಳೆನೀರೇ ಕುಡಿಯುತ್ತಿದ್ದಾರೆ” ಎಂಬ ಒಂದು ಅಗುಳಿನಿಂದ ಇಡೀ ನಗರ ಬೆಂದಿದೆ ಎನ್ನಲಾಗದು. ಒಬ್ಬರ ಉದಾಹರಣೆ “ಹೀಗೂ ಆಗಬಹುದು” ಎಂಬುದನ್ನು ಸಾಧಿಸುತ್ತದೆ, “ಹೀಗೇ ಆಗುತ್ತದೆ” ಎಂಬುದನ್ನಲ್ಲ.

ಗಾದೆಯಂತೂ ಪುರಾವೆಯೇ ಅಲ್ಲ. “ಹನಿ ಹನಿ ಕೂಡಿದರೆ ಹಳ್ಳ” ಎಂದು ನೀವು ಬರೆದರೆ ಎದುರಿನವರು “ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ” ಎನ್ನುತ್ತಾರೆ. ಎರಡೂ ಗಾದೆ ನಿಜ. ಹನಿ ಎಷ್ಟು, ಆನೆ ಎಷ್ಟು ಎಂಬ ಲೆಕ್ಕವೇ ತೀರ್ಪು ಹೇಳಬೇಕು. ಗಾದೆ ಬಳಸುವುದಾದರೆ ಲೆಕ್ಕ ಮುಗಿದ ಮೇಲೆ ಬಳಸಿ.

ಇನ್ನು ಪಕ್ಕದೂರಿನ ಉದಾಹರಣೆ. ಈ ವಿಷಯದಲ್ಲಿ ಚೆನ್ನೈಯನ್ನು ಎಳೆತರದ ಪ್ರಬಂಧವಿಲ್ಲ. ತಮಿಳುನಾಡು 2003ರಲ್ಲಿ ಎಲ್ಲ ಕಟ್ಟಡಗಳಿಗೂ ಮಳೆಕೊಯ್ಲು ಕಡ್ಡಾಯ ಮಾಡಿತು. ಪರವಾಗಿ ಬರೆಯುವವರು “ಆಮೇಲೆ ಅಂತರ್ಜಲ ಏರಿತು” ಎಂದು ಬರೆಯುತ್ತಾರೆ. ವಿರೋಧಿಸುವವರು “2019ರ ಬೇಸಿಗೆಯಲ್ಲಿ ಚೆನ್ನೈ ಒಣಗಿತಲ್ಲ, ಎಲ್ಲಿ ಹೋಯಿತು ಕೊಯ್ಲು?” ಎನ್ನುತ್ತಾರೆ. ಎರಡೂ ಕಡೆಯವರು ಒಂದೇ ತಪ್ಪು ಮಾಡುತ್ತಿದ್ದಾರೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಯೇ ಕೊಂಬೆ ಮುರಿದಂತಾಗುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಕಾಕತಾಳೀಯ ಎಂಬ ಸಿದ್ಧ ಪದವೇ ಇದೆ. 2005ರಲ್ಲಿ ಚೆನ್ನೈಗೆ ಭಾರಿ ಮಳೆ ಬಂದಿತ್ತು. ಕೊಯ್ಲು ಇಲ್ಲದಿದ್ದರೂ ಬಾವಿಯ ನೀರು ಸ್ವಲ್ಪ ಏರುತ್ತಿತ್ತು. ಎಷ್ಟು ಪಾಲು ಮಳೆಯದು, ಎಷ್ಟು ಕೊಯ್ಲಿನದು ಎಂದು ಬೇರ್ಪಡಿಸದೆ ಕೊಯ್ಲಿಗೆ ಪೂರ್ತಿ ಹೆಸರು ಕೊಡುವಂತಿಲ್ಲ. 2019ರಲ್ಲಿ ಬತ್ತಿದ್ದು ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು. ಮನೆಯಂಗಳದ ಇಂಗುಗುಂಡಿ ಜಲಾಶಯ ತುಂಬಿಸುವ ಸಾಧನವೇ ಅಲ್ಲ. ಆದ್ದರಿಂದ ಅವು ಬತ್ತಿದ್ದು ಕೊಯ್ಲಿನ ಸೋಲೂ ಅಲ್ಲ. ಹೋಲಿಕೆ ತರುವಾಗ ಹೋಲದಿರುವುದನ್ನೂ ಹೇಳುವುದು ಕ್ಷೇಮ: ಚೆನ್ನೈಯ ಕರಾವಳಿ ಭಾಗಗಳದು ಮರಳು ಮಣ್ಣು, ಬೆಂಗಳೂರಿನ ಕೆಳಗಿರುವುದು ಗಟ್ಟಿ ಬಂಡೆ. ಇಂಗುವ ವೇಗ, ಇಂಗಿದ ನೀರು ಹರಿದುಹೋಗುವ ದಾರಿ ಎರಡೂ ಬೇರೆ.

ನಿಲುವನ್ನೇ ತಿದ್ದುವುದು

ಮೊದಲ ಕೊಂಡಿ ಮುರಿದ ಮೇಲೆ ಎರಡು ದಾರಿ. ಮುರಿದದ್ದನ್ನು ವಿಶೇಷಣಗಳಿಂದ ಮುಚ್ಚುವುದು ಒಂದು: “ನಿಸ್ಸಂದೇಹವಾಗಿ”, “ಎಲ್ಲರಿಗೂ ತಿಳಿದಿರುವಂತೆ”. ಈ ಪದಗಳು ಕಂಡಲ್ಲಿ ಪುರಾವೆ ಕೈಕೊಟ್ಟಿದೆ ಎಂದು ಅನುಭವಿ ಓದುಗರಿಗೆ ಗೊತ್ತು. ಇನ್ನೊಂದು, ಅದೇ ಅಂಕಿಗಳು ನಿಜವಾಗಿ ಯಾವ ತೀರ್ಮಾನವನ್ನು ಹೊರಬಲ್ಲವು ಎಂದು ಹಿಮ್ಮುಖವಾಗಿ ನೋಡುವುದು.

ಒಂದು ಜೋರು ಮಳೆಯನ್ನು ತೆಗೆದುಕೊಳ್ಳಿ, 50 ಮಿ.ಮೀ. ಅದೇ ಶೇ 80ರ ಲೆಕ್ಕದಲ್ಲಿ ನಮ್ಮ 900 ಚದರಡಿ ತಾರಸಿಯಿಂದ ಇಳಿಯುವ ನೀರು ಸುಮಾರು 3,300 ಲೀಟರ್. ಬೀದಿಯಲ್ಲಿ ಇಂಥ 30 ಮನೆಗಳಿದ್ದರೆ ಒಂದು ಲಕ್ಷ ಲೀಟರ್. ಪೈಪಿನಿಂದ ರಸ್ತೆಗೆ, ರಸ್ತೆಯಿಂದ ಚರಂಡಿಗೆ, ಚರಂಡಿಯಿಂದ ರಾಜಕಾಲುವೆಗೆ, ಒಂದೆರಡು ಗಂಟೆಯೊಳಗೆ. ತಗ್ಗಿನ ಬಡಾವಣೆಯಲ್ಲಿ ಮೊಣಕಾಲುದ್ದ ನಿಲ್ಲುವುದು ಇದೇ ನೀರು. ಈಗ ಕಾರಣ ಬದಲಾಯಿತು. ಕುಡಿಯುವ ನೀರಿನ ಕೊರತೆಯ ಜಾಗಕ್ಕೆ ರಸ್ತೆಗೆ ಸುರಿಯುವ ನೀರಿನ ಪ್ರಮಾಣ ಬಂತು. ಜತೆಗೆ ಎರಡನೆಯ ಕೊಂಡಿಯೂ ಗಟ್ಟಿಯಾಯಿತು. ಬರೀ ತನ್ನ ಸಂಪು ತುಂಬಿಸಿಕೊಳ್ಳುವ ವಿಷಯವಾದರೆ ಮಾಲೀಕನನ್ನು ಬಲವಂತ ಮಾಡಲು ನಮಗೇನು ಹಕ್ಕು? ತನ್ನ ತಾರಸಿಯ ನೀರು ಬೇರೆಯವರ ಮನೆಗೆ ನುಗ್ಗುತ್ತದೆಂದರೆ ಮಾತು ಬೇರೆ. ಇಂಗುಬಾವಿಯ ಖರ್ಚು ಒಬ್ಬರದು, ಲಾಭ ಕೆಳಗಿನ ಬೀದಿಯದು. ಇಂಥ ಕಡೆ ಸ್ವಇಚ್ಛೆಗೆ ಬಿಟ್ಟರೆ ಕೆಲಸ ಆಗುವುದು ಅಪರೂಪ. ಕಡ್ಡಾಯ ಎಂಬ ಪದ ಈಗ ತನ್ನ ಕಾಲ ಮೇಲೆ ನಿಂತಿತು.

ಆದರೆ ನಿಲುವಿನ ಒಂದು ಪದವೂ ಬದಲಾಗಬೇಕು. ಸಂಪಿಗೆ ತುಂಬಿಸುವ ಕೊಯ್ಲು ಈ ವಾದಕ್ಕೆ ಸಾಲದು. ಕಾವೇರಿ ನೀರಿನಿಂದ ತುಂಬಿದ ಸಂಪಿಗೆ ಮಳೆನೀರು ಬಿಟ್ಟರೆ ಅದು ಉಕ್ಕಿ ಮತ್ತೆ ರಸ್ತೆಗೇ ಬರುತ್ತದೆ. ಬೇಕಿರುವುದು ಇಂಗಿಸುವ ವ್ಯವಸ್ಥೆ. 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿಯಲ್ಲಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ಒಂದು ಜೋರು ಮಳೆಗೆ ಸಾಕು. ಮರುದಿನವೇ ಇನ್ನೊಂದು ಬಂದರೆ ಸಾಕೋ ಇಲ್ಲವೋ ಎಂಬುದು ಮಣ್ಣು ಎಷ್ಟು ಬೇಗ ಕುಡಿಯುತ್ತದೆ ಎನ್ನುವುದರ ಮೇಲಿದೆ.

ಪೂರ್ವಪಕ್ಷ

ನಮ್ಮ ಶಾಸ್ತ್ರಗ್ರಂಥಗಳ ಕ್ರಮದಲ್ಲಿ ಎದುರಾಳಿಯ ಮಾತು, ಅಂದರೆ ಪೂರ್ವಪಕ್ಷ, ಮೊದಲು; ನಮ್ಮ ತೀರ್ಮಾನವಾದ ಸಿದ್ಧಾಂತ ಆಮೇಲೆ. ಆ ಕ್ರಮದ ಗುಟ್ಟು ಇಷ್ಟೇ: ಎದುರಾಳಿ “ಹೌದು, ನಾನು ಹೇಳುವುದು ಇದನ್ನೇ” ಎಂದು ಸಹಿ ಹಾಕುವಂತೆ ಅವನ ವಾದವನ್ನು ಬರೆಯಬೇಕು. ಬಹಳ ಪ್ರಬಂಧಗಳಲ್ಲಿ ಬರುವ ಪೂರ್ವಪಕ್ಷ ಹೊಲದ ಬೆದರುಬೊಂಬೆ. ಒಂದು ತಳ್ಳಿಗೆ ಬೀಳಲೆಂದೇ ನಿಲ್ಲಿಸಿದ್ದು. “ಕೆಲವು ಸ್ವಾರ್ಥಿಗಳು ಇದನ್ನು ವಿರೋಧಿಸುತ್ತಾರೆ” ಎಂಬುದು ಅಂಥದು. ಎದುರಾಳಿಯ ಮಾತಿಗೆ “ಇದು ವಿತಂಡವಾದ” ಎಂದು ಚೀಟಿ ಅಂಟಿಸುವುದೂ ಖಂಡನೆಯಲ್ಲ. ವಿತಂಡ ಎಂದರೆ ತನ್ನದೊಂದು ನಿಲುವಿಲ್ಲದೆ ಬರೀ ಎದುರಿನವರದನ್ನು ಕೆಡಹುವುದು. ನಿಲುವಿರುವವರಿಗೆ ಆ ಪದ ಒಪ್ಪುವುದಿಲ್ಲ.

ಇಲ್ಲಿ ನಿಜವಾದ ಪೂರ್ವಪಕ್ಷಗಳು ಎರಡು. “2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಬಂತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು, ಇನ್ನೇಕೆ ಕೊಯ್ಲು?” ಇದು ಹಳೆಯ ನಿಲುವನ್ನು ಹೊಡೆಯುತ್ತಿತ್ತು. ನಿಲುವು ರಸ್ತೆಯ ನೀರಿಗೆ ತಿರುಗಿದ ಮೇಲೆ ಇದು ಪಕ್ಕದಿಂದ ಹಾದುಹೋಗುತ್ತದೆ, ಒಂದು ವಾಕ್ಯದಲ್ಲಿ ಹಾಗೆಂದು ಹೇಳಿ ಮುಂದೆ ಹೋಗಬಹುದು.

ಎರಡನೆಯದು ಭಾರವಾದದ್ದು: “ಕಾಂಪೌಂಡಿಗೂ ಗೋಡೆಗೂ ನಡುವೆ ಮೂರಡಿಯೂ ಇಲ್ಲ. ಪಿಂಚಣಿಯಲ್ಲಿ ಬದುಕುವ ನಾನು ಬಾವಿ ಎಲ್ಲಿ ತೋಡಲಿ, ದುಡ್ಡು ಎಲ್ಲಿಂದ ತರಲಿ?” ಇದನ್ನು ತಳ್ಳಿಹಾಕಲಾಗದು, ಒಪ್ಪಬೇಕು. ಒಪ್ಪಿ, ನಿಲುವಿಗೆ ಮಿತಿ ಹಾಕಬೇಕು: ಜಾಗವಿರುವವರಿಗೆ ಕಡ್ಡಾಯ, ಜಾಗವಿಲ್ಲದ ಕಡೆ ಬೀದಿಗೊಂದು ಸಾಮೂಹಿಕ ಇಂಗುಬಾವಿ. ಆಕ್ಷೇಪಕ್ಕೆ ಕೊಡಬಹುದಾದ ಉತ್ತರ ಮೂರೇ ಬಗೆ, ಒಪ್ಪುವುದು, ಮಿತಿ ಹಾಕುವುದು, ಅಲ್ಲಗಳೆಯುವುದು. ಎಲ್ಲ ಆಕ್ಷೇಪಗಳನ್ನೂ ಅಲ್ಲಗಳೆದ ಪ್ರಬಂಧ ಓದುಗರಲ್ಲಿ ಅನುಮಾನ ಹುಟ್ಟಿಸುತ್ತದೆ.

ತಿದ್ದಿದ ಪ್ಯಾರಾ ಹೀಗಾಗುತ್ತದೆ:

“30×40 ಸೈಟಿನ ಒಂದು ಮನೆಯ 900 ಚದರಡಿ ತಾರಸಿಯಿಂದ, 50 ಮಿ.ಮೀ. ಮಳೆ ಬಂದ ದಿನ ಸುಮಾರು 3,300 ಲೀಟರ್ ನೀರು ರಸ್ತೆಗಿಳಿಯುತ್ತದೆ. ಅಂಥ 30 ಮನೆಗಳ ಬೀದಿಯಿಂದ ಒಂದು ಲಕ್ಷ ಲೀಟರ್. ಬೇಸಿಗೆಯ ಕೊರತೆಯನ್ನು ಈ ನೀರು ನೀಗಿಸದು: ಮೂರು ಸಂಸಾರಗಳಿರುವ ಕಟ್ಟಡದ ತಾರಸಿಯಲ್ಲಿ ವರ್ಷವಿಡೀ ಹಿಡಿದರೂ ಅದು ವರ್ಷದ ಬೇಡಿಕೆಯ ಹತ್ತರಲ್ಲಿ ಒಂದು ಪಾಲು ಮಾತ್ರ. ಆದರೆ ರಸ್ತೆಗೆ ಬಿಟ್ಟರೆ ತಗ್ಗಿನ ಮನೆಗಳಿಗೆ ನುಗ್ಗುವ ನೀರಿಗೆ ಇದೂ ಸೇರುತ್ತದೆ. ತನ್ನ ತಾರಸಿಯ ನೀರು ಇನ್ನೊಬ್ಬರ ಮನೆಗೆ ಹೋಗದಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆ. ಖರ್ಚು ತನ್ನದು, ಲಾಭ ಪಕ್ಕದವರದು ಆದಾಗ ಈ ಹೊಣೆಯನ್ನು ತಾವಾಗಿ ಹೊರುವವರು ಕಡಿಮೆ. ಆದ್ದರಿಂದ ಜಾಗವಿರುವ ಹಳೆಯ 30×40 ಮನೆಗಳಿಗೆ ಇಂಗುಬಾವಿಯನ್ನು ಕಡ್ಡಾಯ ಮಾಡಬೇಕು. ಜಾಗವಿಲ್ಲದ ಬೀದಿಗಳಲ್ಲಿ ಆ ಕೆಲಸವನ್ನು ಪಾಲಿಕೆಯೇ ಸಾಮೂಹಿಕವಾಗಿ ಮಾಡಬೇಕು.”

ಇದಕ್ಕೂ ಆಕ್ಷೇಪ ಎತ್ತಬಹುದು. ಎರಡು ಗಂಟೆಯಲ್ಲಿ 100 ಮಿ.ಮೀ. ಸುರಿದರೆ 4,000 ಲೀಟರ್ ಬಾವಿ ಉಕ್ಕುತ್ತದೆ. ಜೇಡಿಮಣ್ಣಿರುವ ಕಡೆ ಇಂಗುವುದೇ ನಿಧಾನ. ಇಡೀ ರಸ್ತೆಯ ನೀರಿನಲ್ಲಿ ತಾರಸಿಗಳ ಪಾಲೆಷ್ಟು, ಡಾಂಬರು-ಕಾಂಕ್ರೀಟಿನ ಪಾಲೆಷ್ಟು ಎಂದೂ ಕೇಳಬಹುದು. ಆದರೆ ಈಗ ಕೇಳುವವರು ಯಾವ ವಾಕ್ಯದ ಮೇಲೆ ಬೆರಳಿಡಬೇಕೆಂಬುದು ಸ್ಪಷ್ಟ. ಉತ್ತರಿಸುವವರಿಗೂ ಮುಂದೆ ಯಾವ ಅಂಕಿ ಹುಡುಕಬೇಕೆಂಬುದು ಗೊತ್ತು.